ಮುಂದಿನ ಗೇಟು

ಅಪಾರ್ಟ್‌ಮೆಂಟಿನ ವಾಚ್‌ಮನ್ ಗೇಟು ಎಳೆದು ಮುಚ್ಚುವಷ್ಟರಲ್ಲಿ ಗಾರೆ ಕೆಲಸದ ಗೌಂಡಿ ಮಾಂತು ಸಂದಿಯಲ್ಲಿ ಕಾಲಿಟ್ಟು ಮೂರನೆಯ ಮಹಡಿಯ ಕಿಟಕಿಯತ್ತ ಕೂಗಿದ.

"ಅಕ್ಕಾರ! ನಮ್ಮನ್ನ ಒಳಗ ಬಿಡವಲ್ರು!"

ಅವನ ಹಿಂದೆ ಕೆಲಸ ಬಿಟ್ಟು ಹಾಗೇ ಬಂದ ಆಳುಗಳಿದ್ದರು. ಚನ್ನಪಟ್ಟಣದ ಬೊಂಬೆ ಕೆಲಸಗಾರ ಕೆಂಪಯ್ಯ ಕಾತ್ರಜದಲ್ಲಿ ಬಸ್ಸಿಳಿದು ನೇರ ಬಂದವನು, ಹಾರ ಹಿಡಿದು ನಿಂತಿದ್ದ.

ಮೇಲೆ, ಮನೆಯ ಹಾಲ್‌ನಲ್ಲಿ, ತೀರಿಕೊಂಡ ರಾಮಲಿಂಗಪ್ಪನನ್ನು ತಮ್ಮ ಪದ್ಧತಿಯಂತೆ ಕುರ್ಚಿಯಲ್ಲಿ ಕೂರಿಸಿ ಹಣೆಗೆ ವಿಭೂತಿ ಹಚ್ಚಿದ್ದರು. ಈ ಮರಾಠಿ ಊರಿಗೆ ಬಂದು, ಬಿಬವೇವಾಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟು ಮುದುಕನಾದವನು. ಕಟ್ಟಡದ ಕೆಲಸಕ್ಕೆ ಬಂದವರು ಊರಿಗೆ ಕಳಿಸಲು ಫೋಟೋ ತೆಗೆಸುತ್ತಿದ್ದದ್ದು ಅವನ ಹತ್ತಿರವೇ.

"ಅವರನ್ನ ಯಾರು ತಡದಾರ?" ಹೆಂಡತಿ ಚನ್ನಬಸವ್ವ ಕಿಟಕಿಯಿಂದ ತಿರುಗಿದಳು.

ಸೊಸೈಟಿಯ ಸೆಕ್ರೆಟರಿ ಶ್ರೀನಾಥ್ ದನಿ ತಗ್ಗಿಸಿದ. "ತಡೆದಿಲ್ಲ ಆಂಟಿ. ಹಿಂದಿನ ಗೇಟಿಂದ ಇಬ್ಬಿಬ್ರಾಗಿ ಬರ್ಲಿ ಅಂದೆ ಅಷ್ಟೇ. ಲೇಬರ್ಸ್‌ಗೆ ಅದೇ ರೂಲ್."

ಚನ್ನಬಸವ್ವ ಗಂಡನ ಕುರ್ಚಿಯ ಹತ್ತಿರ ಬಂದು ನಿಂತಳು.

* * *

ಹೋದ ದೀಪಾವಳಿಗೆ ಇದೇ ಶ್ರೀನಾಥ್ ಸೊಸೈಟಿಯಲ್ಲಿ ಕರಕುಶಲ ಮೇಳ ಇಟ್ಟು, ಫೋಟೋ ತೆಗೆಯಲು ರಾಮಲಿಂಗಪ್ಪನನ್ನು ಕರೆದಿದ್ದ. ಕೆಂಪಯ್ಯ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ಬೊಂಬೆಗಳ ಹಿಂದೆ ನೆಟ್ಟಗೆ ಕೂತಿದ್ದ.

"ಶರ್ಟ್ ತೆಗೀರಿ ಕೆಂಪಯ್ಯ," ಎಂದ ಶ್ರೀನಾಥ್. "ತಲೆಗೊಂದು ಟವಲ್ ಸುತ್ಕೊಳ್ಳಿ. ಫೋಟೋದಲ್ಲಿ ಆಥೆಂಟಿಕ್ ಆಗಿ ಕಾಣ್ಬೇಕು."

"ಮಗಳು ಕೊಡ್ಸಿದ್ದು ಸಾರ್ ಇದು," ಎನ್ನುತ್ತಲೇ ಕೆಂಪಯ್ಯ ಗುಂಡಿಗೆ ಕೈ ಹಾಕಿದ.

"ಬಿಚ್ಚಬ್ಯಾಡ್ರಿ!" ರಾಮಲಿಂಗಪ್ಪ ಕ್ಯಾಮೆರಾ ಇಳಿಸಿ ಶ್ರೀನಾಥನ ಎದುರು ಹೋಗಿ ನಿಂತ. "ಮದಲ ನಿಮ್ಮ ಅಂಗಿ ಬಿಚ್ಚರಿ. ನೀವು ಹ್ಯಾಂಗ ಕಾಣ್ತೀರಿ, ನೋಡೂಣು."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಸೊಸೈಟಿಯ ಯಾವ ಕಾರ್ಯಕ್ರಮಕ್ಕೂ ರಾಮಲಿಂಗಪ್ಪನನ್ನು ಕರೆಯಲಿಲ್ಲ. ಅದರ ಚಿಂತೆ ಅವನಿಗಿರಲಿಲ್ಲ. ಅವತ್ತು ಊಟಕ್ಕೆ ಕೂತವನು ತಟ್ಟೆ ಪಕ್ಕಕ್ಕೆ ಸರಿಸಿದ.

"ಅವ ಗುಂಡಿಗೆ ಕೈ ಹಾಕಿದ್ನಲ್ಲ, ಬಸವ್ವ," ಎಂದ. "ಅಂದ ಕೂಡ್ಲೆ, ಅಷ್ಟು ಲಗೂನ ಹಾಕಿದ್ನಲ್ಲ."

* * *

"ಕುರ್ಚಿ ಎತ್ರಿ," ಎಂದಳು ಚನ್ನಬಸವ್ವ.

ಮಗ ನಿತಿನ ಗಾಬರಿಯಾದ. "ಯವ್ವಾ, ಅಯ್ಯನೋರು ಪೂಜಿ ಮಾಡಾಕ ಇನ್ನಾ ಬಂದಿಲ್ಲ."

"ಕೆಳಗ ಬಂದು ಮಾಡ್ಲಿ. ಎತ್ತು."

ಕುರ್ಚಿ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಮೆಟ್ಟಿಲಿಳಿಸುವಾಗ ಗಂಡನ ತಲೆ ವಾಲದಂತೆ ಅವಳೇ ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುಂದಿನ ಗೇಟಿನ ಒಳಗೆ, ದಾರಿಯ ನಟ್ಟನಡುವೆ ಕುರ್ಚಿ ಇಡಿಸಿ, ವಾಚ್‌ಮನ್‌ನತ್ತ ತಿರುಗಿ ಮರಾಠಿಯಲ್ಲಿ, "ಗೇಟ್ ಉಘಡಾ," ಎಂದಳು. ಅವನು ಶ್ರೀನಾಥನನ್ನು ನೋಡಲಿಲ್ಲ, ತೆರೆದುಬಿಟ್ಟ.

ಒಳಗಡೆ ಕಾರುಗಳು ಸಾಲುಗಟ್ಟಿದವು. ಒಂದು ಹಾರ್ನ್ ಹೊಡೆಯಿತು.

"ಆಂಟಿ, ಪ್ಲೀಸ್, ಎಲ್ರಿಗೂ ಆಫೀಸಿದೆ," ಶ್ರೀನಾಥ್ ಓಡಿ ಬಂದ.

"ಹಿಂದಿನ ಗೇಟ್ ಅದಲ್ಲ? ಇಬ್ಬಿಬ್ಬರು ಹೋಗ್ರಿ."

ಕೆಂಪಯ್ಯ ಹಾರ ಹಾಕಿದ. ಮಾಂತು ಬಿಕ್ಕುತ್ತ ರಾಮಲಿಂಗಪ್ಪನ ಮೊಣಕಾಲು ಮುಟ್ಟಿ ಹಣೆಗೊತ್ತಿಕೊಂಡ. ಅವನ ಹಿಂದೆ ಹೆಂಗಸರು, ಅವರ ಹಿಂದೆ ಉಳಿದವರು. ಹೊಸ ಬಿಳಿ ಧೋತರದ ಮೇಲೆ ಸಿಮೆಂಟಿನ ಬೆರಳ ಗುರುತುಗಳು ಒಂದರ ಮೇಲೊಂದು ಮೂಡಿದವು.

ನಿತಿನ ಒದ್ದೆ ಬಟ್ಟೆ ತಂದು ಒರೆಸಲು ಬಗ್ಗಿದ. ಚನ್ನಬಸವ್ವ ಅವನ ಮಣಿಕಟ್ಟು ಹಿಡಿದುಕೊಂಡಳು. ಸಾಲು ಮುಗಿಯುವವರೆಗೂ ಬಿಡಲಿಲ್ಲ.