ಮೂರನೇ ತಿರುವಿನಲ್ಲಿ ಟರ್ಬೊ

ಜನರ ಕಿವಿ ಪರೀಕ್ಷಿಸುವುದು ಅವನ ಕೆಲಸ. ದಪ್ಪ ಗೋಡೆಯ ಪುಟ್ಟ ಕೋಣೆಯೊಳಗೆ ಬಂದವರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಬಾಗಿಲು ಮುಚ್ಚಿ, ಹೊರಗಿನಿಂದ ಗುಂಡಿ ಒತ್ತಿ 'ಪೀ' ಅನ್ನಿಸಬೇಕು. ಕೇಳಿಸಿದವರು ಬೆರಳೆತ್ತುವವರೆಗೆ ಗಾಜಿನ ಈಚೆ ಕಾಯಬೇಕು. ಹದಿನಾಲ್ಕು ವರ್ಷದಿಂದ ಹೀಗೆ ಕಾದೂ ಕಾದೂ ಅವನಿಗೆ ಮೌನದ ಜಾತಕವೇ ಬಾಯಿಪಾಠವಾಗಿಬಿಟ್ಟಿತ್ತು. ನಿಜಕ್ಕೂ ಕೇಳಿಸದವರ ಮೌನ ಬೇರೆ. ಕೇಳಿಸಿಯೂ ಅನುಮಾನಪಡುವವರದು ಬೇರೆ. ಕಣ್ಣು ತೆರೆದುಕೊಂಡೇ ತೂಕಡಿಸುವವರದಂತೂ ಬೇರೆಯೇ. ಆದರೆ ಅವನ ಸ್ವಂತ ಮನೆಯಲ್ಲಿ ನಾಲ್ಕು ತಿಂಗಳಿಂದ ಠಿಕಾಣಿ ಹೂಡಿದ್ದ ಒಂದು ಮೌನ ಮಾತ್ರ ಯಾವ ಜಾತಿಯದೆಂದು ಅವನಿಗೆ ಬಗೆಹರಿದಿರಲಿಲ್ಲ.

ಅವನ ಹೆಂಡತಿ ಕೇಕ್ ಮಾಡುವವಳು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮುದುಡಿ ಕೂರುವ ಕೇಕಲ್ಲ. ಮೂರು ನಾಲ್ಕು ಅಂತಸ್ತಿನವು, ಮೆಟ್ಟಿಲೊಂದಿದ್ದರೆ ಬಾಡಿಗೆಗೆ ಕೊಡಬಹುದಾದಂಥವು. ಊರಾಚೆಯ ಗುಡ್ಡದ ಮೇಲೆ ಒಂದು ದೊಡ್ಡ ಸಭಾಂಗಣವಿತ್ತು. ಪ್ರತಿ ಭಾನುವಾರ ಅಲ್ಲಿ ಯಾರದೋ ಸಮಾರಂಭ, ಪ್ರತಿ ಭಾನುವಾರ ಇವಳದೇ ಕೇಕು. ಹೊತ್ತೊಯ್ಯುತ್ತಿದ್ದವನು ಇವನು, ತನ್ನ ಹಳೇ ಕಾರಿನಲ್ಲಿ.

ನಾಲ್ಕು ತಿಂಗಳ ಹಿಂದಿನ ಒಂದು ಭಾನುವಾರ ಆ ಗುಡ್ಡದ ಏರಿನಲ್ಲಿ ಹಳೇ ಕಾರು ಕೈಕೊಟ್ಟಿತು. ಕ್ರೀಮು ಕರಗದಿರಲೆಂದು ಏಸಿ ಜೋರಾಗಿ ಹಾಕಿದ್ದರು. ಕಾರು ಏದುಸಿರು ಬಿಡತೊಡಗಿತು. ಇವನು ಆಕ್ಸಿಲರೇಟರ್ ಒತ್ತಿದ, ಅದು ಕೆಮ್ಮಿತು, ಮುಗ್ಗರಿಸಿತು, ಆಫಾಯಿತು. ಹಿಂದಕ್ಕೆ ಜಾರತೊಡಗಿದಾಗ ಇವನು ಗಾಬರಿಬಿದ್ದು ಬ್ರೇಕ್ ತುಳಿದ. ಕೇಕಿನ ಮೇಲಂತಸ್ತು ಮೊದಲು ಹಿಂದಕ್ಕೆ ವಾಲಿ, ಆಮೇಲೆ ಮನಸ್ಸು ಬದಲಿಸಿ ಮುಂದಕ್ಕೆ ಬಂದು ಗಂಡಹೆಂಡಿರ ನಡುವೆ ಗೇರಿನ ಮೇಲೆ ಕೂತಿತು. ಹೆಂಡತಿ ಅದನ್ನು ನೋಡಿದಳು. "ಹೂಂ" ಅಂದಳು. ಅಷ್ಟೇ.

ಬೈದಿದ್ದರೆ, ಅತ್ತಿದ್ದರೆ, ತಟ್ಟೆ ಕುಕ್ಕಿದ್ದರೆ ಅವನು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದ. ಅವಳು ಮಿಕ್ಕ ಎಲ್ಲ ಮಾತನ್ನೂ ಎಂದಿನಂತೆ ಆಡಿದಳು: ಪರದೆ ಒಗೆಯಬೇಕು, ಪಕ್ಕದ ಮನೆ ಬೆಕ್ಕು ಮತ್ತೆ ನಮ್ಮ ಕಿಟಕಿಯಲ್ಲಿ ಕೂತಿದೆ, ನಿಮ್ಮ ಅಂಗಿಯ ಗುಂಡಿ ಎಲ್ಲಿ ಬಿತ್ತು. ಆ ಕೇಕಿನ ಮಾತು ಮಾತ್ರ ಇಲ್ಲ. ಮುಂದಿನ ಭಾನುವಾರ, "ಅಣ್ಣನ ವ್ಯಾನಲ್ಲಿ ತಗೊಂಡು ಹೋಗ್ತೀನಿ" ಅಂದಳು. ಅಂದಿನಿಂದ ಸ್ಟೀರಿಂಗು ಅವಳ ಅಣ್ಣನ ಕೈಗೆ ಹೋಯಿತು.

ಆ ಅಣ್ಣ, ಅಂದರೆ ಇವನ ಭಾವ, ಗ್ಯಾರೇಜಿನವನು. ಮೂವತ್ತು ವರ್ಷ ತಗಡು ಬಡಿದು ಅರ್ಧ ಕಿವಿ ಕಳೆದುಕೊಂಡಿದ್ದ. ಇವನೇ ಒಮ್ಮೆ ಅವನನ್ನು ಕೋಣೆಯೊಳಗೆ ಕೂರಿಸಿ ಪರೀಕ್ಷೆ ಮಾಡಿದ್ದ. ಸದ್ದು ಬಂದಾಗಲೂ ಬರದಾಗಲೂ ಭಾವ ಬೆರಳೆತ್ತಿ, "ನೂರಕ್ಕೆ ನೂರು ಬಂತಾ?" ಅಂತ ಕೂಗಿದ್ದ.

ಭಾವನ ವ್ಯಾನಿನಲ್ಲಿ ಕೇಕು ಬೀಳಲಿಲ್ಲ. ಆದರೆ ಎರಡು ವಾರದ ಹಿಂದೆ ಸಭಾಂಗಣದವರು ಫೋನ್ ಮಾಡಿ, ಕೇಕು ಬಹಳ ಚೆನ್ನಾಗಿತ್ತು, ಗ್ರೀಸಿನ ವಾಸನೆಯೊಂದು ಇಲ್ಲದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಅಂದರು. ಹಾಗಾಗಿ ಹೊಸ ಕಾರು ಕೊಳ್ಳುವುದೆಂದಾಯಿತು. ಕಾರೊಂದೇ, ಅದರಲ್ಲಿ ಎಂಜಿನ್ ಎರಡು ಬಗೆ: ಟರ್ಬೊ ಇರುವುದು, ಇಲ್ಲದ್ದು. ಅವನು ತಲೆಗೆ ಹುಳ ಬಿಟ್ಟುಕೊಂಡ. ಸರಿಯಾದ ಎಂಜಿನ್ ಆರಿಸಿಬಿಟ್ಟರೆ ಹೆಂಡತಿ ಮತ್ತೆ ಕೇಕನ್ನು ಹಿಂದೆ ಇಟ್ಟು, ಪಕ್ಕದಲ್ಲಿ ಕೂತು, "ಹೊರಡೋಣ ರೀ" ಅನ್ನುತ್ತಾಳೆ ಎಂದು ಅವನ ಲೆಕ್ಕಾಚಾರ. ಅವನಿಗೆ ಬೇಕಿದ್ದದ್ದು ಆ ಒಂದು ಮಾತು. ಎಂಜಿನ್ ಎಂಬುದು ಅದಕ್ಕೆ ಹಾಕಿದ ಏಣಿ.

ಶುಕ್ರವಾರ ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂತರು.

"ನೋಡಿ ಡಾಕ್ಟ್ರೇ," ಅಂದ ಭಾವ. ಇವನು ಡಾಕ್ಟರಲ್ಲವೆಂದು ಹನ್ನೊಂದು ವರ್ಷದಿಂದ ಹೇಳಿದ್ದು ಅವನಿಗೆ ಕೇಳಿಸಿರಲಿಲ್ಲ. "ಟರ್ಬೊ ಇಲ್ಲದ್ದು ತಾನೇ ಉಸಿರೆಳ್ಕೊಳತ್ತೆ. ನಿಮ್ಮ ಹಾಗೆ, ಪಾಪದ್ದು. ಟರ್ಬೊ ಅಂದ್ರೆ, ಹೊರಗೆ ಹೋಗೋ ಹೊಗೆ ಇರತ್ತಲ್ಲ, ಅದೇ ಒಂದು ಪುಟ್ಟ ಫ್ಯಾನನ್ನ ಗಿರ್ರ್ ಅನ್ಸಿ, ಎಂಜಿನ್ ಬಾಯಿಗೆ ಗಾಳಿ ತುರುಕತ್ತೆ. ಇವಳು ಚಿಕ್ಕೋಳಿದ್ದಾಗ ಅಮ್ಮ ಊಟ ತುರುಕ್ತಿದ್ದ ಹಾಗೆ."

"ನನಗೆಲ್ಲಿ ತುರುಕ್ತಿದ್ರು? ನನ್ನ ತಟ್ಟೇದೂ ನೀನೇ ತಿಂತಿದ್ದೆ," ಅಂದಳು ತಂಗಿ.

"ಏನಂದೆ?"

"ಏನಿಲ್ಲ, ಮುಂದಕ್ಕೆ ಹೇಳು."

"ಆದ್ರೆ ಭಾವ," ಇವನು ದನಿ ಏರಿಸಿದ, "ಟರ್ಬೊದಲ್ಲಿ ಒತ್ತಿದ ತಕ್ಷಣ ಶಕ್ತಿ ಬರಲ್ವಂತೆ. ಒಂದು ಗಳಿಗೆ ಸುಮ್ನಿದ್ದು ಆಮೇಲೆ ಒಂದೇ ಸಲ ದಬ್ಬತ್ತಂತೆ."

"ಹೌದು! ಅದೇ ಮಜಾ!"

"ಕೇಕಿಗೂ ಮಜಾನಾ?" ಅಂದಳು ಹೆಂಡತಿ.

ಟರ್ಬೊ ಇಲ್ಲದ್ದು ನುಣ್ಣಗೆ ಹೋಗುತ್ತದೆ, ಆದರೆ ಏಸಿ ಹಾಕಿ ಏರು ಹತ್ತಿಸಿದರೆ ಹಳೇ ಕಾರಿನ ಹಾಗೇ ಸೊರಗಬಹುದು. ಟರ್ಬೊ ಇದ್ದದ್ದು ಏರನ್ನು ನುಂಗಿಹಾಕುತ್ತದೆ, ಕೇಕನ್ನೂ ಜೊತೆಗೆ ನುಂಗಬಹುದು. ಬಾಯಿಮಾತಲ್ಲಿ ಬಗೆಹರಿಯುವ ವಿಷಯವಲ್ಲ.

"ಕೇಕ್ ಇಟ್ಕೊಂಡೇ ಎರಡನ್ನೂ ಓಡಿಸಿ ನೋಡೋಣ," ಅಂದಳು ಅವಳು.

ಪರೀಕ್ಷೆಗೆ ಎರಡು ಹಿಟ್ಟಿನ ಗುಡ್ಡೆ ಸಾಕಾಗಿತ್ತು. ಆದರೆ ಅವಳ ಕೈಗೆ ಕೆಟ್ಟ ಕೇಕು ಮಾಡಿ ಗೊತ್ತಿಲ್ಲ. ಶನಿವಾರ ಬೆಳಿಗ್ಗೆ ಮೂರಂತಸ್ತಿನ ಎರಡು ಬಿಳೀ ಕೇಕುಗಳು, ಪ್ರತಿ ಅಂತಸ್ತಿಗೂ ಸಕ್ಕರೆಯ ಹೂಗಳೊಂದಿಗೆ, ಸಿಂಗರಿಸಿಕೊಂಡು ನಿಂತಿದ್ದವು.

"ಪರೀಕ್ಷೆಗೆ ಹೂವು ಯಾಕೆ?" ಇವನು ಕೇಳಿದ.

"ಬೋಳು ಕೇಕನ್ನ ಮನೆಯಿಂದಾಚೆ ಕಳಿಸಿ ನಂಗಭ್ಯಾಸ ಇಲ್ಲ."

ಷೋರೂಮಿನಲ್ಲಿ ಅವರನ್ನು ಎದುರುಗೊಂಡವನು ಎಂಟು ವರ್ಷ ಹಾಸಿಗೆ ಮಾರಿ, ಕಳೆದ ತಿಂಗಳಷ್ಟೇ ಕಾರಿಗೆ ಬಂದವನು. ಕತ್ತಿಗೆ ಟೈ ಬಂದಿತ್ತು, ನಾಲಿಗೆ ಇನ್ನೂ ಹಳೇ ಅಂಗಡಿಯಲ್ಲೇ ಇತ್ತು.

"ಟರ್ಬೊ ಇಲ್ಲದ್ದು ಹತ್ತಿ ಹಾಸಿಗೆ ಇದ್ದ ಹಾಗೆ ಮೇಡಂ. ಹೇಗೆ ಮಲಗಿದ್ರೂ ಒಂದೇ ಸಮ. ಟರ್ಬೊ ಅಂದ್ರೆ ಸ್ಪ್ರಿಂಗು. ಮೊದಲು ತಗ್ಗತ್ತೆ, ಆಮೇಲೆ ಎತ್ತತ್ತೆ."

"ಬೆನ್ನುನೋವಿಗೆ ಯಾವುದು ಒಳ್ಳೇದು?" ಇವನು ತನಗರಿವಿಲ್ಲದೆ ಕೇಳಿಬಿಟ್ಟ. ಹೆಂಡತಿ ಮೊಣಕೈಯಿಂದ ತಿವಿದಳು.

ಮೊದಲು ಟರ್ಬೊ ಇಲ್ಲದ್ದು. ಹಿಂದಿನ ಸೀಟಿನ ಒಂದು ಪಾಲನ್ನು ಮಡಚಿ, ಹಲಗೆ ಹಾಸಿ ಕೇಕ್ ಇಟ್ಟರು. ಉಳಿದ ಜಾಗದಲ್ಲಿ ಕೇಕಿಗೆ ಕೈ ಅಡ್ಡ ಹಿಡಿದು ಭಾವ, ಅವನಾಚೆ ಹಾಸಿಗೆಯವನು. ಮುಂದೆ ಗಂಡ, ಹೆಂಡತಿ. ಏಸಿ ಪೂರ್ತಿ.

ಅವನು ಓಡಿಸಿದ. ಉಸಿರು ಬಿಗಿಹಿಡಿದು, ಮೊಟ್ಟೆಯ ಮೇಲೆ ಪಾದ ಇಟ್ಟವನಂತೆ ಓಡಿಸಿದ. ಗುಡ್ಡದ ರಸ್ತೆ ಹತ್ತುವ ಹೊತ್ತಿಗೆ ಬೆನ್ನ ಹಿಂದೆ ಒಂದು ಹಾಲಿನ ಗಾಡಿ, ಎರಡು ಲಾರಿ, ಲೆಕ್ಕಕ್ಕೆ ಸಿಗದಷ್ಟು ಕಾರು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಸೈಕಲ್ಲಿನ ಮುದುಕನೊಬ್ಬ ಪಕ್ಕಕ್ಕೆ ಬಂದು, ಒಳಗೆ ಇಣುಕಿ, "ಹುಟ್ಟುಹಬ್ಬಾನಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದ. ಅಂತೂ ತುದಿ ಮುಟ್ಟಿದರು. ಒಂದು ಸಕ್ಕರೆ ಹೂವೂ ಅಲುಗಿರಲಿಲ್ಲ.

ಷೋರೂಮಿಗೆ ಮರಳಿ ಆ ಕೇಕನ್ನು ಅಲ್ಲೇ ಮೇಜಿನ ಮೇಲಿಟ್ಟು, ಎರಡನೇ ಕೇಕನ್ನು ಟರ್ಬೊ ಕಾರಿಗೆ ಹತ್ತಿಸಿದರು. ಅದೇ ರಸ್ತೆ, ಅದೇ ಪಾದ. ಆ ಒಂದು ಗಳಿಗೆಯ ಸುಮ್ಮನಿರುವಿಕೆ ಯಾವಾಗ ಬರುತ್ತದೆ, ಆಮೇಲಿನ ದಬ್ಬುವಿಕೆ ಯಾವಾಗ ಬರುತ್ತದೆ ಎಂದು ಅವನು ಮೈಯೆಲ್ಲ ಕಿವಿಯಾಗಿ ಕಾದ. ಮೊದಲ ತಿರುವು ಕಳೆಯಿತು. ಎರಡನೆಯದೂ ಕಳೆಯಿತು. ಏನೂ ಬರಲಿಲ್ಲ.

"ಎರಡಕ್ಕೂ ಏನ್ ವ್ಯತ್ಯಾಸಾನೇ ಇಲ್ಲ!" ಭಾವ ಕಿರುಚಿದ.

ಹಾಸಿಗೆಯವನು ಮುಂದೆ ಬಾಗಿ ಎಂಜಿನ್ ವೇಗ ತೋರಿಸುವ ಮುಳ್ಳು ನೋಡಿದ. "ಸಾರ್, ಟರ್ಬೊ ಇನ್ನೂ ಎದ್ದಿಲ್ಲ."

"ಅಂದ್ರೆ?"

"ಎಂಜಿನ್ ಜೋರಾಗಿ ತಿರುಗಿದ್ರೆ ಮಾತ್ರ ಅದು ಏಳತ್ತೆ. ನೀವು ಓಡಿಸೋ ರೀತಿಗೆ ಹತ್ತು ವರ್ಷ ಆದ್ರೂ ಮಲಗೇ ಇರತ್ತೆ. ಹಾಸಿಗೆ ಆಗಿದ್ರೆ ಒಳ್ಳೇ ಗುಣ."

ಎರಡು ಕಾರು, ಎರಡು ಕೇಕು, ಅವಳ ಒಂದು ರಾತ್ರಿಯ ನಿದ್ದೆ, ಎಲ್ಲ ಸೇರಿ ಇಷ್ಟು ಹೊತ್ತು ಪರೀಕ್ಷಿಸಿದ್ದು ಅವನ ಬಲಗಾಲಿನ ಹೆಬ್ಬೆರಳು. ಹಿಂದೆ ಕೇಕು ಇರುವವರೆಗೆ ಅದು ಒತ್ತುವುದಿಲ್ಲ. ಅದು ಒತ್ತದ ಹೊರತು ಎಂಜಿನ್ನಿನ ಗುಣ ತಿಳಿಯುವುದಿಲ್ಲ.

"ಪಕ್ಕಕ್ಕೆ ನಿಲ್ಸಿ," ಅಂದಳು ಹೆಂಡತಿ. "ಇಳೀರಿ."

ಮುಗಿಯಿತು, ಇನ್ನು ಸ್ಟೀರಿಂಗು ಈ ಜನ್ಮದಲ್ಲಿ ಸಿಗದು ಅಂದುಕೊಂಡ ಅವನು. ಇಳಿದು, ಕಾರನ್ನು ಸುತ್ತಿಕೊಂಡು ಬಂದು, ಅವಳ ಬಿಸಿ ಇನ್ನೂ ಆರದ ಸೀಟಿನಲ್ಲಿ ಕೂತ. ಅವಳಿಗೆ ಲೈಸೆನ್ಸ್ ಇತ್ತು. ಮದುವೆಗೆ ಮುಂಚೆ ಅಣ್ಣನ ಗ್ಯಾರೇಜಿನ ಗಾಡಿಗಳನ್ನು ಒಳಗೆ ಹೊರಗೆ ಮಾಡುತ್ತಿದ್ದವಳು.

"ನಿಧಾನಕ್ಕೆ ಹೋಗೇ," ಅಂದ ಭಾವ, ಕೇಕನ್ನು ತಬ್ಬಿಕೊಂಡು.

ಅವಳು ಒತ್ತಿದಳು.

ಮೊದಲು ಏನೂ ಆಗಲಿಲ್ಲ. ಆ ಏನೂ ಆಗದಿರುವುದನ್ನು ಅವನು ಒಡನೆಯೇ ಗುರುತು ಹಿಡಿದ. ಗಾಜಿನ ಆಚೆ ಕೂತವರಿಗೆ ಸದ್ದು ಕೇಳಿಸಿಯಾಗಿದೆ, ಬೆರಳು ಇನ್ನೇನು ಏಳಬೇಕು, ಆ ಕೂದಲೆಳೆಯ ಮೌನ ಇದು. "ಬಂತು," ಅಂದ ಮೆಲ್ಲಗೆ.

ಬಂತು. ನಾಲ್ವರ ತಲೆಯೂ ಒಟ್ಟಿಗೆ ಸೀಟಿಗೆ ಬಡಿಯಿತು. ಮೂರನೇ ತಿರುವು ಅವರ ಕಡೆಗೆ ತಾನಾಗಿ ಓಡಿ ಬಂತು. ಅವಳು ಸ್ಟೀರಿಂಗ್ ತಿರುಗಿಸಿದಳು, ಕಾರು ತಿರುಗಿತು, ಕೇಕು ತಿರುಗಲಿಲ್ಲ. ಮೂರು ಅಂತಸ್ತೂ ಹೂವಿನ ಸಮೇತ ಭಾವನ ತೆಕ್ಕೆಗೆ, ಕತ್ತಿಗೆ, ಕಿವಿಗೆ ವಾಲಿದವು. ಕಾರು ಒಂದೇ ಉಸಿರಿಗೆ ಗುಡ್ಡದ ತುದಿಗೆ ಬಂದು ನಿಂತಿತು.

ಏಸಿ ತನ್ನ ಪಾಡಿಗೆ ಬೀಸುತ್ತಿತ್ತು.

"ನಂಗೇನೂ ಕೇಳಿಸ್ತಿಲ್ಲ!" ಭಾವ ಕಿರುಚಿದ. ಎರಡು ಕಿವಿಯಲ್ಲೂ ಕ್ರೀಮು.

"ಇದು ಹೊಸ ವಿಷಯ ಅಲ್ಲ ಸಾರ್," ಅಂದ ಹಾಸಿಗೆಯವನು. ಅರ್ಧ ದಿನದ ಪರಿಚಯದಲ್ಲೇ ಅವನಿಗೆ ಅಷ್ಟು ಸಲಿಗೆ ಬಂದಿತ್ತು.

ಹೆಂಡತಿ ಸ್ಟೀರಿಂಗಿಗೆ ಹಣೆ ಹಚ್ಚಿದ್ದಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಅವನು ಕೈ ಚಾಚಿದ. ಅವಳು ಮುಖ ಎತ್ತಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದಿತ್ತು.

"ರೀ, ಅವತ್ತೂ ನಾನೇ ಅಲ್ವಾ 'ತಡ ಆಗ್ತಿದೆ, ಒತ್ತಿ, ಒತ್ತಿ' ಅಂತ ನಿಮ್ಮ ಜೀವ ತಿಂದಿದ್ದು?"

ಅವನು ಕಕ್ಕಾಬಿಕ್ಕಿಯಾದ. ಅವಳು ಹಾಗಂದಿದ್ದಳೇ? ಇರಬಹುದು. ಗೇರಿನ ಮೇಲೆ ಕೂತ ಕೇಕಿನ ಹೊರತು ಆ ದಿನದ್ದೇನೂ ಅವನ ತಲೆಯಲ್ಲಿ ಉಳಿದಿರಲಿಲ್ಲ.

"ನೀವು 'ನಿನ್ನಿಂದ್ಲೇ ಆಯ್ತು' ಅಂತೀರೇನೋ ಅಂತ ಕಾದೆ. ಅವತ್ತು ಅನ್ಲಿಲ್ಲ, ಮಾರನೇ ದಿನಾನೂ ಅನ್ಲಿಲ್ಲ. ನಾಲ್ಕು ತಿಂಗಳು! ಇಷ್ಟೊಂದು ಸಿಟ್ಟು ಇಟ್ಕೊಂಡೋರ ಹತ್ರ ನಾನಾದ್ರೂ ಏನು ಮಾತಾಡ್ಲಿ?"

"ಸಿಟ್ಟಾ? ನಂಗಾ? ನೀನು ಸಿಟ್ಟಾಗಿದೀಯ ಅಂತ... ಮತ್ತೆ ನನ್ನ ಕೈಯಿಂದ ಗಾಡಿ ಯಾಕೆ ಕಿತ್ಕೊಂಡೆ?"

"ನಿಮ್ಮ ಪಕ್ಕ ಕೂತ್ರೆ ಮತ್ತೆ 'ಒತ್ತಿ' ಅಂದುಬಿಡ್ತೀನಿ ಅಂತ ಭಯ. ಅಣ್ಣನ ಪಕ್ಕ ಆದ್ರೆ ಏನು ಬೇಕಾದ್ರೂ ಅನ್ಬಹುದು. ಅವನಿಗೆಲ್ಲಿ ಕೇಳಿಸತ್ತೆ?"

"ಏನು, ನನ್ನ ವಿಷಯಾನಾ?" ಹಿಂದಿನಿಂದ ಭಾವ.

"ಹೌದಣ್ಣ, ಹೊಗಳ್ತಿದೀನಿ!"

ಅವನು ಕಿಟಕಿಯ ಗಾಜು ಇಳಿಸಿ ಹೊರಗೆ ನೋಡಿದ. ಹದಿನಾಲ್ಕು ವರ್ಷ ಗಾಜಿನ ಈಚೆ ಕೂತು ಪರರ ಬೆರಳಿಗೆ ಕಾದವನಿಗೆ, ತಾನೇ ಗಾಜಿನ ಆಚೆ ಕೂತು ಬೆರಳೆತ್ತದೆ ಉಳಿದದ್ದು ತಿಳಿದೇ ಇರಲಿಲ್ಲ. ನಾಚಿಕೆಯಾಯಿತು. ಆಮೇಲೆ ಅವನಿಗೂ ನಗು ಬಂತು. ಭಾವನ ಹುಬ್ಬಿನ ಮೇಲೆ ಒಂದು ಸಕ್ಕರೆ ಹೂವು ನೆಟ್ಟಗೆ ನಿಂತಿತ್ತು.

"ಹಾಗಾದ್ರೆ ಟರ್ಬೊ ಬೇಡ ಅಲ್ವಾ?" ನಗು ನಿಂತ ಮೇಲೆ ಕೇಳಿದ.

"ಯಾರಂದ್ರು ಬೇಡ ಅಂತ?" ಅವಳು ಸ್ಟೀರಿಂಗನ್ನು ಇನ್ನೂ ಬಿಟ್ಟಿರಲಿಲ್ಲ. "ಕೇಕ್ ಇದ್ದಾಗ ನೀವು ಓಡಿಸಿ. ನಿಮ್ಮ ಕಾಲಿಗೆ ಅದು ಏಳೋದೇ ಇಲ್ಲ, ಏಸಿ ಹಾಕಿದ್ರೂ ಆರಾಮಾಗಿ ಹತ್ತಿತು, ನೋಡಿದ್ವಲ್ಲ. ನಾನು ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತೀನಿ. ವಾಪಸ್ ಬರುವಾಗ ಗಾಡಿ ಖಾಲಿ ಇರತ್ತೆ. ಆವಾಗ ನಾನು."

"ನಾನು ಬರಲ್ಲ," ಅಂದ ಹಾಸಿಗೆಯವನು.

ಷೋರೂಮಿನಲ್ಲಿ ಮೊದಲ ಕೇಕಿನ ಕೆಳ ಅಂತಸ್ತಷ್ಟೇ ಉಳಿದಿತ್ತು. ಅಲ್ಲಿನ ಲೆಕ್ಕಿಗರು, ಕಾವಲಿನವರು, ಕಾರು ತೊಳೆಯುವವರೆಲ್ಲ ಕೈ ಹಿಂದೆ ಕಟ್ಟಿಕೊಂಡು, ಏನೂ ಅರಿಯದವರಂತೆ ಗೋಡೆ ನೋಡುತ್ತಿದ್ದರು. ಭಾವ ತೊಳೆದ ಕಿವಿಯೊಂದಿಗೆ ಬಂದು ಉಳಿದ ಪಾಲಿನ ಮುಂದೆ ಕುರ್ಚಿ ಎಳೆದುಕೊಂಡ.

ಹಾಸಿಗೆಯವನು ಅರ್ಜಿಯ ಹಾಳೆ ತಂದಿಟ್ಟ. "ಗಾಡಿ ಮುಖ್ಯವಾಗಿ ಓಡಿಸೋರು ಯಾರು ಅಂತ ಇಲ್ಲಿ ಬರೀಬೇಕು ಸಾರ್."

"ನಂದು ಬರೀರಿ!" ಅಂದ ಭಾವ, ಬಾಯ್ತುಂಬ ಕೇಕು.

ಅವನು ಪೆನ್ನು ತೆಗೆದು ಹೆಂಡತಿಯ ಮುಖ ನೋಡಿದ. ಅವಳು ಮೇಜಿನ ಮೇಲೆ ಬೆರಳಿನಿಂದ ಒಮ್ಮೆ ಕುಟ್ಟಿದಳು.

"ಮೊದಲನೇ ಸಾಲಲ್ಲಿ ನಿಮ್ಮದು, ಕೆಳಗೆ ನಂದು. ಬೇಗ ಬರೀರಿ, ಮುಂದಿನ ಭಾನುವಾರದ್ದು ನಾಲ್ಕು ಅಂತಸ್ತು, ಹಲಗೆ ಅಳತೆ ತಗೋಬೇಕು."

ಅವನು ಬರೆದ. ಬರೆಯುವಾಗ ಪೆನ್ನನ್ನು ಸ್ವಲ್ಪ ಜೋರಾಗಿಯೇ ಒತ್ತಿದ.