ಮೂರು ವಾರದಲ್ಲಿ ಹಳೆಯದಾದ ಸೀರೆ

ಶ್ರೀದೇವಿ ಆ ಭಾನುವಾರ ಹೇಳಿದ ಸುಳ್ಳು ಎರಡೇ ಅಕ್ಷರದ್ದು. ‘ಐತಿ’ ಅಂದಳು, ಅಷ್ಟೇ. ಅಷ್ಟಕ್ಕೇ ಮುಂದೆ ಆರು ವಾರ ಅವಳು ಪಟ್ಟ ಪಾಡು ಶತ್ರುವಿಗೂ ಬೇಡ.

ಫೋನು ಮಾಡಿದ್ದು ಅಕ್ಕ ಸಂಯುಕ್ತಾ, ಸಿಡ್ನಿಯ ಲಿವರ್‌ಪೂಲಿನಿಂದ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವಳ ಫೋನು ಬರಲೇಬೇಕು, ತಂಗಿ ಎರಡನೇ ರಿಂಗಿಗೆ ಎತ್ತಲೇಬೇಕು. ಆವತ್ತು ಮಾತು ಅಕ್ಕನ ಮಗಳು ಮಧುರಾಳ ನಿಶ್ಚಿತಾರ್ಥದ್ದು. ಆಗಸ್ಟಿನಲ್ಲಿ ಹಾಲ್ ಬುಕ್ ಆಗಿತ್ತು, ಊಟಕ್ಕೆ ಹೇಳಿಯಾಗಿತ್ತು.

“ಅವ್ವನ ಗಿಣಿಹಸರ ಇಳಕಲ್ ಸೀರಿ ನಿನ್ನ ಹಂತೇಕ ಐತಲ್ಲ?” ಎಂದಳು ಅಕ್ಕ. “ನನ್ನ ನಿಶ್ಚಿತಾರ್ಥದಾಗ ಅವ್ವ ಅದನ್ನಽ ಉಟ್ಟಿದ್ಲು. ಮಧುರಾಗ ಅದನ್ನ ಉಡಸ್ಬೇಕಂತ ಮಾಡೀನಿ. ಜುಲೈ ರಜಾದಾಗ ಮೆಲ್ಬರ್ನಿಗೆ ಬಂದಾಗ ಒಯ್ತೀನಿ.”

ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ತನ್ನ ಮನೆಯ ಸೋಫಾದ ಮೇಲೆ ಹೀಟರಿಗೆ ಕಾಲು ಚಾಚಿ ಕುಳಿತಿದ್ದ ಶ್ರೀದೇವಿಯ ತೊಡೆಯ ಮೇಲೆಯೇ ಆ ಸೀರೆ ಇತ್ತು. ಆದರೆ ಅಂಗೈಯಗಲದ ತುಂಡುಗಳಾಗಿ ಇತ್ತು. ಅರ್ಧ ತುಂಡುಗಳನ್ನು ಆಗಲೇ ಕೌದಿಗೆ ಹೊಲಿದಾಗಿತ್ತು, ಉಳಿದರ್ಧಕ್ಕೆ ಸೂಜಿಯಲ್ಲಿ ದಾರ ಪೋಣಿಸಿದ್ದಳು.

“ಐತಿ ಅಕ್ಕಾ,” ಎಂದಳು.

ತಪ್ಪು ಅವಳದಲ್ಲ ಅನ್ನಬೇಕು. ಅವ್ವ ಹೋದಮೇಲೆ ಗುಳೇದಗುಡ್ಡದಿಂದ ಸೀರೆಗಳ ಗಂಟನ್ನು ಹೊತ್ತು ತಂದವಳು ಅವಳೇ. ಅವರ ಮನೆಯ ಪದ್ಧತಿಯಲ್ಲಿ ಹೋದವರು ಉಟ್ಟು ಸವೆಸಿದ ಸೀರೆಯನ್ನು ಬೇರೆಯವರು ಉಡುವುದು ಅಪರೂಪ. ಕತ್ತರಿಸಿ ಕೌದಿ ಹೊಲಿದು ಮಕ್ಕಳು ಮೊಮ್ಮಕ್ಕಳು ಹೊದೆಯುತ್ತಾರೆ. ಅಂಗಡಿಯ ಹೊಸ ಬಟ್ಟೆಯನ್ನು ಕೌದಿಗೆ ಹಾಕಿದರೆ ಅದು ಕೌದಿಯೇ ಅಲ್ಲ. ಗಿಳಿಹಸಿರು ಸೀರೆಯೋ ಮಡಿಕೆಯಲ್ಲೆಲ್ಲ ಬಿರಿದಿತ್ತು, ಒಂದು ಕಡೆ ದಾರ ಹೆಣೆದು ರಫು ಬೇರೆ ಹಾಕಿತ್ತು. ಗುರುವಾರ ಸೇರಿ ಕೌದಿ ಹೊಲಿಯುವ ಕ್ವಿಲ್ಟಿಂಗ್ ಗುಂಪಿನ ಹೆಲೆನ್ ಅಜ್ಜಿ ಅದರ ಬಣ್ಣ ನೋಡಿ ಬಾಯಿ ಬಿಟ್ಟುಕೊಂಡಾಗ ಶ್ರೀದೇವಿಗೆ ಹೆಮ್ಮೆಯೆನಿಸಿ, ಅಲ್ಲೇ ಎಲ್ಲರೆದುರು ಕತ್ತರಿ ಆಡಿಸಿದ್ದಳು. ಇಷ್ಟನ್ನು ಫೋನಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಅಕ್ಕ ಅಂದರೆ ಅಕ್ಕ. ಒಂಬತ್ತು ವರ್ಷಕ್ಕೆ ದೊಡ್ಡವಳು. ಅವ್ವ ಶಾಲೆಯಲ್ಲಿ ಊರ ಮಕ್ಕಳಿಗೆ ಕಲಿಸುತ್ತಿದ್ದಾಗ ಮನೆಯಲ್ಲಿ ಶ್ರೀದೇವಿಗೆ ಉಣಿಸಿದವಳು, ಕಣ್ಣು ಮೇಲೆಳೆಯುವಷ್ಟು ಬಿಗಿಯಾಗಿ ಜಡೆ ಹೆಣೆದವಳು, ಗಣಿತದಲ್ಲಿ ಹದಿನಾಲ್ಕು ಮಾರ್ಕ್ಸ್ ಬಂದ ಹಾಳೆಯನ್ನು ಅಕ್ಕಿಯ ಡಬ್ಬಿಯಿಂದ ಪತ್ತೆಹಚ್ಚಿ ತೆಗೆದವಳು. ನರ್ಸಾಗಿ ಮೊದಲು ಸಿಡ್ನಿಗೆ ಬಂದು, ಆಮೇಲೆ ತಂಗಿ ಇಲ್ಲೇ ನೆಲೆಸಲು ಹಾಕಿದ ಪಿಆರ್ ಅರ್ಜಿಯ ಒಂದೊಂದು ಪುಟವನ್ನೂ ತಾನೇ ತಿದ್ದಿದವಳು. ಶ್ರೀದೇವಿಗೆ ಈಗ ನಲವತ್ನಾಲ್ಕು. ಬಾಕ್ಸ್ ಹಿಲ್‌ನ ಒಂದು ಡೆಂಟಲ್ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ಎಂಥೆಂಥ ಜಗಳಗಂಟರನ್ನೂ ನಗುನಗುತ್ತ ಸಂಭಾಳಿಸುತ್ತಾಳೆ. ಅಕ್ಕನ ದನಿ ಕೇಳಿದರೆ ಮಾತ್ರ ಇವತ್ತಿಗೂ ಕೈ ತಾನಾಗಿ ಜಡೆ ಮುಟ್ಟಿ ನೋಡಿಕೊಳ್ಳುತ್ತದೆ.

ಫೋನು ಇಟ್ಟಮೇಲೆ ಅವಳು ಮಾಡಿದ ಮೊದಲ ಕೆಲಸ ಅಳುವುದು. ಎರಡನೆಯದು, ಊರಿಗೆ ಫೋನು ಹಚ್ಚಿ ಸೋದರಮಾವನ ಸೊಸೆಗೆ ಅಂಥದೇ ಸೀರೆ ಕಳಿಸೆಂದು ದುಂಬಾಲು ಬಿದ್ದದ್ದು. ಅದೇ ಗಿಳಿಹಸಿರು ಒಡಲು, ಅದೇ ಕೆಂಪು ದಡಿ, ಅದೇ ಕೆಂಪು ಬಿಳಿಯ ಸೆರಗು. ಪುಣ್ಯಕ್ಕೆ ಊರಿನ ಅದೇ ಬೀದಿಯ ಸಿದ್ದಣ್ಣನ ತಾಯಿ ತಂದೆ ಮಗನ ಮನೆಗೆಂದು ಮೆಲ್ಬರ್ನಿಗೆ ಹೊರಟಿದ್ದರು. ಮೂರು ವಾರಕ್ಕೆ ಸೀರೆ ಅವರ ಸೂಟ್‌ಕೇಸಿನಲ್ಲಿ ಬಂದಿಳಿಯಿತು.

ಬಂದದ್ದೇನೋ ಬಂತು, ಆದರೆ ಹೊಚ್ಚಹೊಸದಾಗಿ ಬಂತು. ಹಿಡಿದರೆ ಹಪ್ಪಳದ ಹಾಗೆ ಸದ್ದು ಮಾಡುವ ಗಂಜಿ! ಅವ್ವನ ಸೀರೆಗೆ ನಲವತ್ತೈದು ವರ್ಷ ವಯಸ್ಸಾಗಿತ್ತು. ಇದಕ್ಕೆ ಇನ್ನು ಮೂರು ವಾರದಲ್ಲಿ ಅಷ್ಟು ವಯಸ್ಸಾಗಬೇಕಿತ್ತು.

ಅವ್ವನ ಸೀರೆಗಳು ಎಂದೂ ಮಶೀನು ಕಂಡವಲ್ಲ. ಹಾಗಾಗಿ ಶ್ರೀದೇವಿ ಲಾಂಡ್ರಿಯ ತೊಟ್ಟಿಯಲ್ಲಿ ಸೋಡಾ ಹಾಕಿ ಕೈಯಾರೆ ತಿಕ್ಕಿದಳು. ಆ ನೇಕಾರ ಪುಣ್ಯಾತ್ಮ ಅದೆಷ್ಟು ನಿಯತ್ತಿನಿಂದ ಬಣ್ಣ ಹಾಕಿದ್ದನೋ, ಅದು ಮಾಸಲೊಲ್ಲದು. ದಿನಾ ತಿಕ್ಕಿದಳು. ಜೂನಿನ ಮೆಲ್ಬರ್ನಿನಲ್ಲಿ ಬಿಸಿಲೆಂಬುದು ಹೆಸರಿಗಷ್ಟೇ. ಒಣಗುವ ಸ್ಟ್ಯಾಂಡನ್ನು ಹೀಟರಿನ ಮುಂದೆ ಇಟ್ಟು, ಒಣಗಿದ್ದೇ ಮತ್ತೆ ತೊಟ್ಟಿಗೆ. ಕೈಯೆಲ್ಲ ಒಡೆದು ಬೆರಳ ಸಂದುಗಳಲ್ಲಿ ರಕ್ತ ಜಿನುಗಿತು. ವ್ಯಾಸಲೀನ್ ಹಚ್ಚಿ, ಮರುದಿನ ಮತ್ತೆ ತಿಕ್ಕಿದಳು.

ತಿಕ್ಕಿದರೆ ಸಾಲದು, ಮೈಮೇಲೆ ಬಿದ್ದು ಸವೆಯಬೇಕು ಎಂದು ಹೊಳೆದಾಗ ಉಡಲು ಶುರುಮಾಡಿದಳು. ಒಳಗೆ ಥರ್ಮಲ್, ಮೇಲೆ ಇಳಕಲ್ ಸೀರೆ, ಅದರ ಮೇಲೆ ದಪ್ಪ ಜಾಕೆಟ್, ಕಾಲಿಗೆ ಉಣ್ಣೆಯ ಬೂಟು. ಆ ವೇಷದಲ್ಲೇ ವ್ಯಾಕ್ಯೂಮ್ ಹೊಡೆದಳು, ಚಪಾತಿ ಲಟ್ಟಿಸಿದಳು, ಬಿನ್ ಹೊರಗಿಟ್ಟು ಬಂದಳು.

ಗಂಡ ಚಂದ್ರಶೇಖರ್ ಮನೆಯಿಂದಲೇ ಕೆಲಸ ಮಾಡುವವನು. “ನನ್ನ ಮೀಟಿಂಗಿನ್ಯಾಗ ಹಿಂದ ಯಾರೋ ಅಜ್ಜಿ ಓಡಾಡ್ಲಿಕತ್ತಾರ, ಊರಿಂದ ಬಂದಾರೇನು ಅಂತ ಮ್ಯಾನೇಜರ್ ಕೇಳಿದ,” ಎಂದ.

“ಏನಂದ್ರಿ?”

“ಹೌದು, ಭಾಳ ಹಟದ ಅಜ್ಜಿ ಅಂದೆ.” ನಕ್ಕವನು ಆಮೇಲೆ ಅವಳ ಕೈ ಹಿಡಿದು ತಿರುವಿ ನೋಡಿದ. “ದೇವೀ, ಅಕ್ಕಗ ಖರೇ ಹೇಳಿಬಿಡು.”

“ನಿಮಗ ಅಕ್ಕ ಗೊತ್ತಿಲ್ಲ.”

“ಹದಿನೆಂಟು ವರ್ಷ ಆತು ಮದುವ್ಯಾಗಿ. ಗೊತ್ತಿಲ್ಲದಽ ಇರ್ತಾಳೇನು?”

“ಗೊತ್ತಿದ್ರ ಹಿಂಗ ಹೇಳ್ತಿರಲಿಲ್ಲ,” ಎಂದು ಶ್ರೀದೇವಿ ಸೀರೆಯ ನೆರಿಗೆಯನ್ನು ಎತ್ತಿ ಕಟ್ಟಿಕೊಂಡು ಬಚ್ಚಲು ತೊಳೆಯಲು ಹೋದಳು.

ಒಂದು ಮಧ್ಯಾಹ್ನ ಮೈಕ್ರೋವೇವಿನ ಕಪ್ಪು ಗಾಜಿನಲ್ಲಿ ಅವ್ವನೇ ನಿಂತಂತೆ ಕಂಡಿತು. ಅವ್ವ ಬದುಕಿದ್ದರೆ ಈ ಫಜೀತಿಗೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದಳು, ಆಮೇಲೆ ತಾನೇ ಸಂಯುಕ್ತಾಳಿಗೆ ಫೋನು ಮಾಡಿ ಎಲ್ಲ ಸರಿಮಾಡುತ್ತಿದ್ದಳು. ಈಗ ಸರಿಮಾಡಲು ಯಾರೂ ಇರಲಿಲ್ಲ. ಇದ್ದದ್ದು ಒಬ್ಬಳೇ ಅಕ್ಕ, ಅವಳೂ ಮುನಿಸಿಕೊಂಡರೆ ತವರು ಅನ್ನುವುದೇ ಮುಗಿಯಿತು. ಶ್ರೀದೇವಿಯ ಭಯವೆಲ್ಲ ಅದೊಂದೇ.

ಜುಲೈ ಮೊದಲ ಶುಕ್ರವಾರ ಅಕ್ಕ ಬಂದಳು. ಮಧುರಾ ಹ್ಯೂಮ್ ಹೈವೇಯಲ್ಲಿ ಒಂಬತ್ತು ತಾಸು ಕಾರು ಓಡಿಸಿದ್ದಳು. ಭಾವನಿಗೆ ಡ್ಯೂಟಿ ಇತ್ತು. ಬಾಗಿಲು ತೆರೆದಾಕ್ಷಣ ಸಂಯುಕ್ತಾ ಮೆಲ್ಬರ್ನಿನ ಚಳಿಗೆ ಒಂದು ಸುತ್ತು ಬೈದು, ಶೇಂಗಾ ಹೋಳಿಗೆಯ ಡಬ್ಬಿ, ಖಡಕ್ ರೊಟ್ಟಿಯ ಕಟ್ಟು, ಮೂರು ಬಗೆಯ ಚಟ್ನಿಪುಡಿ ಇಳಿಸಿ, ಕಾಲು ತೊಳೆಯುವ ಮುಂಚೆಯೇ ತಂಗಿಯ ಫ್ರಿಜ್ಜು ತೆರೆದು ತಪಾಸಣೆ ಮಾಡಿದಳು.

“ನಿನ್ನ ಕೌದಿ ಎಲ್ಲೈತಿ? ಫೋನಿನ್ಯಾಗ ಅಷ್ಟು ಹೇಳ್ತಿದ್ದಿ, ತೋರ್ಸು,” ಎಂದಳು.

“ಹೆಲೆನ್ ಅಜ್ಜಿ ಒಯ್ದಾರ ಅಕ್ಕಾ, ಅವರ ಮಗಳಿಗೆ ತೋರಸಾಕ.” ಇದು ಎರಡನೆಯ ಸುಳ್ಳು. ಕೌದಿ ಗ್ಯಾರೇಜಿನಲ್ಲಿ ಬಾರ್ಬೆಕ್ಯೂ ಮುಚ್ಚುವ ಕವರಿನಡಿ ತಣ್ಣಗೆ ಮಲಗಿತ್ತು.

ಶನಿವಾರ ಊಟವಾದ ಮೇಲೆ ಚಂದ್ರಶೇಖರ್ ಬೇಕೆಂದೇ ಮಧುರಾಳನ್ನು ಶಾಪಿಂಗಿಗೆ ಕರೆದೊಯ್ದ. ಅಕ್ಕತಂಗಿಯರಿಬ್ಬರೇ ಉಳಿದರು. ಸಂಯುಕ್ತಾ ಹೀಟರಿನ ಪಕ್ಕ ಕಾಲು ಮಡಚಿ ಕೂತು, “ತಾ ನೋಡೋಣ ಸೀರಿ,” ಎಂದಳು.

ಶ್ರೀದೇವಿ ಕೋಣೆಗೆ ಹೋಗಿ, ಡಾಂಬರು ಗುಳಿಗೆಯ ವಾಸನೆ ಹತ್ತಿದ ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದ ಸೀರೆಯನ್ನು ತಂದು ಕೊಟ್ಟಳು. ಎದೆ ಹೊಡೆದುಕೊಳ್ಳುವ ಸದ್ದು ಅಕ್ಕನಿಗೆ ಕೇಳೀತೆಂದು ಟಿವಿ ಹಚ್ಚಿದಳು. ಅಕ್ಕ ಟಿವಿ ಆರಿಸೆಂದಳು. ಆರಿಸಿದಳು.

ಸಂಯುಕ್ತಾ ಸೀರೆಯನ್ನು ಪೂರ್ತಿ ಬಿಚ್ಚಲಿಲ್ಲ. ಸೆರಗನ್ನು ಹುಡುಕಿ ತೆಗೆದು, ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಬ್ಬೆರಳು ಓಡಿಸಿದಳು. ಮತ್ತೊಮ್ಮೆ ಓಡಿಸಿದಳು. ಆಮೇಲೆ ತಲೆಯೆತ್ತಿ ತಂಗಿಯನ್ನು ನೋಡಿದಳು. ತಂಗಿ ಕೈಗಳನ್ನು ಜಾಕೆಟಿನ ಜೇಬಿಗೆ ಇಳಿಸಿದಳು.

“ಹೌದವಾ, ಅವ್ವನ ಸೀರಿ,” ಎಂದಳು ಸಂಯುಕ್ತಾ. ಅಂದವಳೇ ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಅಳತೊಡಗಿದಳು.

ಅಕ್ಕ ಅತ್ತದ್ದನ್ನು ಶ್ರೀದೇವಿ ಕಂಡೇ ಇರಲಿಲ್ಲ. ಅವ್ವನ ಮಣ್ಣಿನ ದಿನವೂ ಬಂದವರಿಗೆ ಚಹಾ ಕೊಡಿಸುತ್ತ, ಅತ್ತವರನ್ನು ಸಮಾಧಾನ ಮಾಡುತ್ತ ತಿರುಗಾಡಿದವಳು ಅವಳು. ಈಗ ಮೂರು ವಾರದ ಹಿಂದೆ ಊರಿಂದ ಬಂದ ಬಟ್ಟೆಯಲ್ಲಿ ಮುಖವಿಟ್ಟು, ಭುಜ ಕುಲುಕುವಂತೆ ಅಳುತ್ತಿದ್ದಾಳೆ! ತಾನು ಗೆದ್ದೆ ಎಂದು ಶ್ರೀದೇವಿಗೆ ಅನಿಸಬೇಕಿತ್ತು. ಅನಿಸಲಿಲ್ಲ. ಇಂಥ ಪಾಪವನ್ನು ತಾನು ಜನ್ಮದಲ್ಲಿ ಮಾಡಿರಲಿಲ್ಲ ಎನಿಸಿತು. ಮುನಿದರೆ ಮುನಿಯಲಿ, ಅಕ್ಕ ಮೋಸದ ಸೀರೆಗೆ ಅಳಬಾರದು.

“ಅಕ್ಕಾ, ಅದು ಅವ್ವಂದಲ್ಲ,” ಎಂದಳು. ಒಮ್ಮೆ ಬಾಯಿ ಬಿಟ್ಟಮೇಲೆ ನಿಲ್ಲಲಾಗಲಿಲ್ಲ. “ಅವ್ವಂದು ನಾ ಕೌದಿಗೆ ಕತ್ತರಿಸಿಬಿಟ್ಟೆ. ನೀ ಕೇಳೂಕಿಂತ ಮೊದ್ಲಽ ಕತ್ತರಿಸಿದ್ದೆ. ಇದು ತರಿಸಿದ್ದು. ನಾನಽ ಒಗದು ಒಗದು ಹಳೇದು ಮಾಡೀನಿ. ಕೌದಿ ಗ್ಯಾರೇಜಿನ್ಯಾಗ ಐತಿ. ಹೊಡೀಬೇಕಂದ್ರ ಹೊಡಿ, ಮಾತು ಮಾತ್ರ ಬಿಡಬ್ಯಾಡ.”

ಸಂಯುಕ್ತಾ ಮೂಗೊರೆಸಿಕೊಂಡಳು. “ಗೊತ್ತಾತು ನನಗ,” ಎಂದಳು.

“ಯಾವಾಗ?”

“ಸೆರಗು ಮುಟ್ಟಿದಾಗಽ. ದೀಪಾವಳ್ಯಾಗ ಸುರಸುರ ಬತ್ತಿ ಹಚ್ಚಿ ಅವ್ವನ ಸೆರಗು ಸುಟ್ಟಾಕಿ ನಾನು. ಹನ್ನೊಂದು ವರ್ಷದಾಕಿ. ಅಪ್ಪಗ ಗೊತ್ತಾದ್ರ ಬಡೀತಾನಂತ ಅವ್ವ ಗಪ್‌ಚುಪ್ ರಫು ಹಾಕ್ಸಿದ್ಲು. ಆ ರಫು ಇದ್ರಾಗಿಲ್ಲ.”

“ಮತ್ತ... ಅವ್ವನ ಸೀರಿ ಅಂದಿ. ಅತ್ತಿ.”

“ಕೈ ತಗಿ ಹೊರಗ.”

ಶ್ರೀದೇವಿ ಜೇಬಿನಿಂದ ಕೈ ತೆಗೆದಳು. ಸಂಯುಕ್ತಾ ಅವೆರಡನ್ನೂ ಹಿಡಿದು ತೊಡೆಯ ಮೇಲಿಟ್ಟುಕೊಂಡಳು. ಒಡೆದ ಬೆರಳುಗಳ ಮೇಲೆ ನರ್ಸಿನ ಕಣ್ಣು ಆಡಿಸಿದಳು.

“ನಿನ್ನೆ ಬಾಗಿಲಾಗಽ ನೋಡೀನಿ ಈ ಕೈ. ಸೀರಿ ಮುಟ್ಟಿದ ಮ್ಯಾಲ ಯಾಕಂತ ತಿಳೀತು,” ಎಂದಳು. “ಸೀರಿ ಹೋದ್ರ ಹೋಗ್ಲಿ, ಸೀರಿಗೆಲ್ಲಿ ಅಳ್ತೀನಿ ನಾ? ಎರಡು ನಿಮಿಷದ ಮಾತಿತ್ತು. ಅಕ್ಕಾ, ಕತ್ತರಿಸಿಬಿಟ್ಟೆ ಅಂದಿದ್ರ ಮುಗೀತಿತ್ತು. ಅದನ್ನ ಹೇಳಾಕ ಹೆದರಿ ಕೈ ಒಡಕೊಂಡೀಯಲ್ಲ, ಇಷ್ಟು ಹೆದರಸಿಟ್ಟೀನೇನಽ ನಿನ್ನ? ಅವ್ವ ನನ್ನ ತಪ್ಪು ಮುಚ್ಚಿದ್ಲು. ನಾ ನಿನ್ನ ಒಂದಽ ಒಂದು ತಪ್ಪನ್ನೂ ಮುಚ್ಚಲಿಲ್ಲ. ಇವತ್ತರೇ ಮುಚ್ಚೋಣಂತ ಅವ್ವನ ಸೀರಿ ಅಂದೆ.”

“ಹಂಗ್ಯಾಕಂತಿ ಅಕ್ಕಾ.”

“ಖರೇನಽ ಅಂತೀನಿ. ಅಕ್ಕಿ ಡಬ್ಬಿಯಾಗಿನ ಹಾಳಿ ಅಲ್ಲೇ ಬಿಡಬಹುದಿತ್ತು ನಾ.”

ಶ್ರೀದೇವಿಗೆ ನಗು ಬಂತು, ಅದರ ಹಿಂದೆಯೇ ಅಳು. ಎದ್ದು ಗ್ಯಾರೇಜಿಗೆ ಓಡಿ ಕೌದಿಯನ್ನು ತಂದು ಇಬ್ಬರ ಕಾಲ ಮೇಲೆ ಹರಡಿದಳು. ತಣ್ಣಗೆ ಕೊರೆಯುತ್ತಿತ್ತು, ಬಾರ್ಬೆಕ್ಯೂ ವಾಸನೆ ಬೇರೆ. ಇದು ಅವ್ವ ಶಾಲೆಗೆ ಉಡುತ್ತಿದ್ದ ನೀಲಿ, ಇದು ನಿನ್ನ ಬಾಣಂತನಕ್ಕೆ ಬಂದಾಗಿನದು ಎಂದು ಒಂದೊಂದೇ ಚೌಕ ತೋರಿಸುತ್ತ ಹೋದಳು. ಸಂಯುಕ್ತಾ ಗಿಳಿಹಸಿರು ತುಂಡುಗಳನ್ನು ಬಿಚ್ಚಬೇಡ ಎಂದಳು. ಹೊಲಿಗೆ ಡೊಂಕಾಗಿದೆ ಎಂದೂ ಹೇಳಿದಳು. ಅದನ್ನು ಹೇಳದಿದ್ದರೆ ಅವಳು ಸಂಯುಕ್ತಾಳೇ ಅಲ್ಲವಲ್ಲ.

ಅಷ್ಟರಲ್ಲಿ ಕಾರು ಬಂತು. ಮಧುರಾ ಕೈತುಂಬ ಬ್ಯಾಗು ಹಿಡಿದು ಒಳಗೆ ಬಂದವಳು ಸೋಫಾದ ಮೇಲಿದ್ದ ಸೀರೆಯನ್ನು ಕಂಡು ಬ್ಯಾಗುಗಳನ್ನು ಅಲ್ಲೇ ಬಿಟ್ಟಳು. “ಓ ಮೈ ಗಾಡ್ ಮಮ್ಮಾ, ಇದು ಅಜ್ಜೀದಾ? ಸೋ ಸಾಫ್ಟ್!” ಎಂದು ಹೆಗಲ ಮೇಲೆ ಹಾಕಿಕೊಂಡಳು. ಗಿಳಿಹಸಿರು ಅವಳಿಗೆ ಚೆನ್ನಾಗಿ ಒಪ್ಪಿತು.

ಶ್ರೀದೇವಿ ಅಕ್ಕನ ಮುಖ ನೋಡಿದಳು. ಹಿಂದೆ ನಿಂತಿದ್ದ ಚಂದ್ರಶೇಖರ್ ಕೂಡ ಶೂ ಬಿಚ್ಚುವುದನ್ನು ಮರೆತು ನಿಂತ.

“ಅಲ್ಲ,” ಎಂದಳು ಸಂಯುಕ್ತಾ. “ಅಜ್ಜೀದು ಕೌದಿಯಾಗ ಐತಿ. ಇದು ಚಿಗವ್ವನ ಸೀರಿ. ನಿನಗ ಚುಚ್ಚಬಾರದಂತ ಮೂರು ವಾರ ತಾನು ಉಟ್ಟು, ಕೈಯಾರೆ ಒಗದು ಮೆತ್ತಗ ಮಾಡ್ಯಾಳ. ನಿಶ್ಚಿತಾರ್ಥದಾಗ ಯಾರರೇ ಕೇಳಿದ್ರ ಹಂಗಽ ಹೇಳು.”