ಮೇಣದ ಮುದುಕ

ತೆರ್ಮೆಜ್ ಪಟ್ಟಣದ ಗೊಂಬೆ ರಂಗಮಂದಿರದಲ್ಲಿ ಸನೋಬರ್ ಗೊಂಬೆ ಮಾಡಿ ಕುಣಿಸುತ್ತಿದ್ದಳು. ಅವಕ್ಕೆ ದನಿ ಕೊಡುತ್ತಿದ್ದವನು ತುರ್ದಿಕುಲ್. ಪರದೆಯ ಹಿಂದೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ನಿಂತೇ ಇಬ್ಬರ ಕೂದಲೂ ನರೆತಿತ್ತು. ಗಂಡಹೆಂಡತಿಯಲ್ಲ, ಒಡಹುಟ್ಟಿದವರೂ ಅಲ್ಲ. ಹಾಗಾಗಿ ಹೋದ ವರ್ಷ ಚಿಲ್ಲಾದ, ಅಂದರೆ ನಡುಬೇಸಗೆಯ ನಲವತ್ತು ದಿನಗಳ, ಉರಿಬಿಸಿಲಲ್ಲಿ, ಸಂತೆಮಾಳದ ಬಸ್ ನಿಲ್ದಾಣದಲ್ಲಿ ಕೂತಲ್ಲೇ ಅವನು ಸತ್ತಾಗ, ಸಮಾಧಾನ ಹೇಳಲು ಜನ ಅವನ ಮನೆಗೆ ಹೋದರು. ಇವಳ ಮನೆಗೆ ಯಾರೂ ಬರಲಿಲ್ಲ.

"ವಯಸ್ಸಾಗಿತ್ತು, ಹೋದ" ಎಂದರು ಎಲ್ಲರೂ. ಬಿಸಿಲಿನ ಮಾತು ಯಾರೂ ಎತ್ತಲಿಲ್ಲ. ತೆರ್ಮೆಜ್‌ನವರಿಗೆ ಬಿಸಿಲೇನು ಹೊಸದೇ? ಆದರೆ ಇದು ತಾನು ಹುಡುಗಿಯಾಗಿದ್ದಾಗಿನ ಬಿಸಿಲಲ್ಲವೆಂದು ಸನೋಬರಳಿಗೆ ಗೊತ್ತಿತ್ತು. ಆಗ ಚಿಲ್ಲಾಕ್ಕೆ ಒಂದು ಮೊದಲು, ಒಂದು ಕೊನೆ ಇತ್ತು.

ಈ ಬೇಸಗೆಯಲ್ಲಿ ಅವಳು ಮೇಣದಲ್ಲೊಬ್ಬ ಮುದುಕನನ್ನು ಮಾಡಿ, ತಲೆಗೆ ಕಸೂತಿಯ ಟೋಪಿ ಹೊಲಿದಳು. ನಿರ್ದೇಶಕ ನೋಡಿ ಮುಖ ಸಪ್ಪಗೆ ಮಾಡಿಕೊಂಡ. ಊರಿನ ಎಲ್ಲರಂತೆ ಅವನೂ ಅವಳನ್ನು ಒಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ.

"ಒಪಾ, ಮಕ್ಕಳು ಇಲ್ಲಿಗೆ ನಗೋಕೆ ಬರ್ತಾವೆ. ಇದನ್ನ ನೋಡಿದ್ರೆ ಅಳ್ತಾವೆ."

"ಹಾಗಾದ್ರೆ ದೊಡ್ಡೋರಿಗೇ ತೋರಿಸ್ತೀನಿ ಬಿಡಪ್ಪ."

ಅದೇ ಬಸ್ ನಿಲ್ದಾಣದಲ್ಲಿ, ನಡುಮಧ್ಯಾಹ್ನ, ಪೆಟ್ಟಿಗೆಯ ಮೇಲೆ ಮುದುಕನನ್ನು ನಿಲ್ಲಿಸಿದಳು. "ಏನಜ್ಜ, ನೀರು ಕುಡಿದ್ಯಾ?" ಎಂದು ಕೇಳಿದಳು. ಉತ್ತರ ತುರ್ದಿಕುಲ್ ಹೇಳಬೇಕಾದದ್ದು. ತಾನೇ ಗಂಡುದನಿ ತೆಗೆದು ನೋಡಿದಳು, ಗಂಟಲು ಒಪ್ಪಲಿಲ್ಲ. ಉತ್ತರದ ಜಾಗವನ್ನು ಖಾಲಿ ಬಿಟ್ಟೇ ಆಟ ಮುಂದುವರಿಸಿದಳು. ಜನ ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಸರಸರ ನಡೆದರು. ಹೆಂಗಸೊಬ್ಬಳು ಭಿಕ್ಷುಕಿಯೆಂದುಕೊಂಡು ಒಂದು ರೊಟ್ಟಿ ಇಟ್ಟು ಹೋದಳು.

ಹೀಗೇ ಕೆಲವು ದಿನ ಕಳೆದ ಮೇಲೆ, ಪಕ್ಕದಲ್ಲಿ ಕರಬೂಜ ಮಾರುವ ಎಶ್ಮುರೊದ್ ಕೂಗಿದ: "ಒಪಾ, ನಿಮ್ಮ ಯಜಮಾನ್ರ ಮೂಗು ಗಡ್ಡಕ್ಕಿಳೀತು! ನೆರಳಿಗೆ ಕರ್ಕೊಳ್ಳಿ, ಇಲ್ದಿದ್ರೆ ಸಂಜೆಗೆ ಬತ್ತಿ ಇಟ್ಟು ಹಚ್ಚಬೇಕಾಗುತ್ತೆ!"

"ನೀನೇ ಕರ್ಕೋ ಬಾರಪ್ಪ. ನನ್ನ ಜೊತೆಗಾರ ಇದೇ ಬೆಂಚಲ್ಲಿ ಕೂತು ಹೋದ. ಪಕ್ಕದೋರು ತೂಕಡಿಸ್ತಿದಾನೆ ಅಂದ್ಕೊಂಡ್ರಂತೆ."

ಎಶ್ಮುರೊದ್‌ನ ನಗು ಅಲ್ಲೇ ನಿಂತಿತು. ಗೊಂಬೆಯ ಜಾರಿದ ಮುಖವನ್ನೇ ನೋಡಿದ.

"ನಮ್ಮಮ್ಮ ಬೆಳಿಗ್ಗೆಯಿಂದ ತೂಕಡಿಸ್ತಾನೇ ಇದ್ಲು" ಎಂದ. "ತಗಡಿನ ಕೋಣೆ... ಒಪಾ, ಹಣ್ಣು ನೋಡ್ಕೊಳ್ಳಿ!"

ಓಡಿಬಿಟ್ಟ. ಮರಳಿದ್ದು ಸಂಜೆಗೆ. "ಮಾತು ತೊದಲ್ತಿತ್ತು, ಮೈ ಕೆಂಡ. ಆಂಬುಲೆನ್ಸ್ ಬರೋತನಕ ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕಿದ್ವಿ. ಈಗ ಆಸ್ಪತ್ರೇಲಿ ಕಣ್ಣು ಬಿಟ್ಟು ನನ್ನೇ ಬೈತಿದಾಳೆ" ಎನ್ನುತ್ತ ಅತ್ತ.

ಮರುದಿನದಿಂದ ಗಿರಾಕಿಗಳನ್ನು ಅವನೇ ತಡೆದು ನಿಲ್ಲಿಸತೊಡಗಿದ: "ಹಣ್ಣು ಆಮೇಲೆ, ಮೊದ್ಲು ಇದನ್ನ ನೋಡಿ." ಜನ ಸೇರಿದರು. ಕೆಲವರು ನಕ್ಕರು, ಕೆಲವರು ನಿಂತಲ್ಲಿಂದಲೇ ಮನೆಗೆ ಫೋನ್ ಹಚ್ಚಿದರು.

ಸನೋಬರಳಿಗೆ ಮನಸ್ಸು ತುಂಬಿತು. ಆದರೆ ಆಟ ಮುಗಿದು ಎಲ್ಲರೂ ಚದುರಿದ ಮೇಲೆ, ಇವತ್ತು ಎಲ್ಲಿ ಕೈ ತಪ್ಪಿತು, ಯಾವ ಮಾತಿಗೆ ಜನ ಉಸಿರು ಬಿಗಿಹಿಡಿದರು ಎಂದು ಮಾತಾಡಿಕೊಳ್ಳಲು ಯಾರೂ ಇರಲಿಲ್ಲ. ಸಾಮಾನು ಕಟ್ಟಿಕೊಂಡು ಚಹಾದಂಗಡಿಗೆ ಹೋಗಿ ಕೂತಳು.

"ಬಟ್ಟಲು ಎಷ್ಟು, ಒಪಾ?"

"ಒಂದೇ ಸಾಕು."

ಕೆಟಲಿನ ತುಂಬ ಇದ್ದ ಹಸಿರು ಚಹಾವನ್ನು ಬಗ್ಗಿಸಿ ಬಗ್ಗಿಸಿ, ಒಬ್ಬಳೇ ಕುಡಿದು ಮುಗಿಸಿದಳು.